ಮೂಗಿಗಿಂತ ಮೂಗುತಿ ಭಾರವಾದಾಗ

ರಸಪ್ರಶ್ನೆ ಎಂಬ ಶಬ್ದದಲ್ಲಿ ಎರಡು ಪದಗಳುಂಟು. ಒಂದು ರಸ, ಇನ್ನೊಂದು ಪ್ರಶ್ನೆ. ಈಗಿನವರು ರಸವನ್ನು ಇಟ್ಟುಕೊಂಡು ಪ್ರಶ್ನೆಯನ್ನು ಮೆಲ್ಲ ಹೊರಗೆ ಹಾಕುತ್ತಿದ್ದಾರೆ ಎಂಬುದೇ ನನ್ನ ತಕರಾರು. ಟಿವಿಯಲ್ಲಿ ಅದು ಆಗಿ ಹೋಯಿತು. ಈಗ ಆ ಗಾಳಿ ನಮ್ಮ ಊರಿನ ಕ್ಲಬ್ಬು, ಶಾಲೆ, ವಾಚನಾಲಯಗಳ ಕಡೆಗೂ ಬೀಸಿದೆ.

ನಮ್ಮ ವಾಚನಾಲಯದಲ್ಲಿ ನಡೆಯುವ ಕ್ರೀಡಾ ರಸಪ್ರಶ್ನೆಯನ್ನು ಇನ್ನು ಮುಂದೆ "ಟಿವಿ ಥರ" ಮಾಡಬೇಕು ಎಂಬ ಸೂಚನೆ ಬಂದದ್ದು ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತುಂಟು. ಮಂಗಳೂರಿನಿಂದ ಒಬ್ಬ ನಿರೂಪಕ, ಬಣ್ಣದ ಲೈಟು, ಪ್ರತಿ ಉತ್ತರಕ್ಕೂ ಡಿಜೆ ಸದ್ದು, ಸ್ಪರ್ಧಿಗಳಿಗೆ ನಾಲ್ಕು ಆಯ್ಕೆ, ನಡುನಡುವೆ ಡ್ಯಾನ್ಸು, ಗೆದ್ದವರಿಗೆ ಮೊಬೈಲು. ಇಷ್ಟಕ್ಕೆಲ್ಲ ಸಮಯ ಬೇಕಲ್ಲ, ಹಾಗಾಗಿ ಪ್ರಶ್ನೆಗಳ ಸಂಖ್ಯೆ ಅರವತ್ತರಿಂದ ಇಪ್ಪತ್ತಕ್ಕೆ ಇಳಿಕೆ. ಇದಕ್ಕೆ ನವೀಕರಣ ಎಂದು ಹೆಸರು. ಮನೆಗೆ ಸುಣ್ಣ ಬಳಿಯಲು ಹೋಗಿ ಗೋಡೆಯನ್ನೇ ಕೆಡವಿದರೆ ಅದನ್ನು ನವೀಕರಣ ಎನ್ನಲಿಕ್ಕೆ ಆಗ್ತದಾ?

ಸೂಚನೆ ಕೊಟ್ಟ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳುವ ಮಾತಿನಲ್ಲಿ ಅರ್ಧ ಸತ್ಯವೇ. ಮಕ್ಕಳು ಬರುವುದು ಕಡಿಮೆಯಾಗಿದೆ. ಬಂದವರ ಕಣ್ಣು ಮೊಬೈಲಿನಲ್ಲಿ. ಒಬ್ಬರು ಮಾಷ್ಟ್ರು ಕಾಗದ ನೋಡಿಕೊಂಡು ಒಂದೇ ಸ್ವರದಲ್ಲಿ ಅರವತ್ತು ಪ್ರಶ್ನೆ ಓದಿದರೆ ದೊಡ್ಡವರಿಗೇ ತೂಕಡಿಕೆ. ರೋಗ ಉಂಟು ಎಂಬುದನ್ನು ಒಪ್ಪುತ್ತೇನೆ. ಅವರು ತಂದ ಮದ್ದಿನ ಬಗ್ಗೆ ಮಾತ್ರ ನನ್ನ ಜಗಳ. ಯಾಕೆಂದರೆ ಇದೇ ಮದ್ದನ್ನು ನಮಗಿಂತ ದೊಡ್ಡವರು, ನಮಗಿಂತ ಸಾವಿರ ಪಾಲು ಹಣ ಇದ್ದವರು, ಕುಡಿಸಿ ನೋಡಿದ್ದಾರೆ. ರೋಗಿ ಉಳಿಯಲಿಲ್ಲ.

ಇಂಗ್ಲೆಂಡಿನ ಬಿಬಿಸಿಯಲ್ಲಿ 'ಎ ಕ್ವೆಶ್ಚನ್ ಆಫ್ ಸ್ಪೋರ್ಟ್' ಎಂಬ ಕ್ರೀಡಾ ರಸಪ್ರಶ್ನೆ ಇತ್ತು. 1970ರಲ್ಲಿ ಶುರುವಾದದ್ದು. ಎರಡು ತಂಡ, ಎರಡು ತಂಡಕ್ಕೂ ಆಟಗಾರರೇ ನಾಯಕರು, ನಡುವೆ ಒಬ್ಬ ನಿರೂಪಕ. ಇಷ್ಟೇ. ಬಹುಮಾನದ ಹಣ ಇಲ್ಲ, ಅಳು ಇಲ್ಲ, ಅಬ್ಬರ ಇಲ್ಲ. 1987ರಲ್ಲಿ ಅಲ್ಲಿಯ ರಾಜಕುಮಾರಿ ಆನ್ ಸ್ಪರ್ಧಿಯಾಗಿ ಬಂದ ಕಂತನ್ನು 1 ಕೋಟಿ 90 ಲಕ್ಷ ಜನ ನೋಡಿದರಂತೆ. ಡೇವಿಡ್ ಕೋಲ್ಮನ್ ಎಂಬ ಕ್ರೀಡಾ ವೀಕ್ಷಕ ವಿವರಣೆಗಾರ ಹದಿನೆಂಟು ವರ್ಷ ಅದನ್ನು ನಡೆಸಿದರು. 1997ರಿಂದ ಸೂ ಬಾರ್ಕರ್ ನಡೆಸಿದರು. ಈ ಸೂ ಬಾರ್ಕರ್ ಬರೇ ಚೆಂದ ಮಾತಾಡುವ ಹೆಂಗಸಲ್ಲ. 1976ರಲ್ಲಿ ಫ್ರೆಂಚ್ ಓಪನ್ ಟೆನಿಸ್ ಗೆದ್ದವರು. ಸೋಲು ಅಂದರೆ ಎಂತ, ಗೆಲುವು ಅಂದರೆ ಎಂತ ಎಂದು ಮೈಯಲ್ಲೇ ತಿಳಿದವರು. ಇಪ್ಪತ್ತನಾಲ್ಕು ವರ್ಷ ಅವರು ಆ ಕುರ್ಚಿಯಲ್ಲಿದ್ದರು.

2021ರಲ್ಲಿ ಬಿಬಿಸಿಯವರಿಗೆ ನಮ್ಮ ಹುಡುಗರಿಗೆ ಬಂದ ಆಲೋಚನೆಯೇ ಬಂತು. ಹೊಸ ಪ್ರಾಯದವರನ್ನು ಸೆಳೆಯಬೇಕು. ಸೂ ಬಾರ್ಕರ್ ಅವರನ್ನೂ ಇಬ್ಬರು ನಾಯಕರನ್ನೂ ಒಟ್ಟಿಗೇ ಬಿಡಿಸಿದರು. ನಿರೂಪಕನ ಜಾಗಕ್ಕೆ ಪ್ಯಾಡಿ ಮೆಕ್‌ಗಿನ್ನೆಸ್ ಎಂಬ ಹಾಸ್ಯ ಕಲಾವಿದರನ್ನು ತಂದರು. ಹೆಸರಿನ ಮುಂದಿನ 'ಎ' ಅಕ್ಷರವನ್ನೂ ಕತ್ತರಿಸಿದರು. ಆಮೇಲೆ ಆದದ್ದೇನು? ನಲವತ್ತು ಲಕ್ಷದಷ್ಟಿದ್ದ ವೀಕ್ಷಕರು ಹತ್ತು ಲಕ್ಷಕ್ಕಿಂತ ಕೆಳಗೆ ಇಳಿದರು ಎಂದು ಅಲ್ಲಿಯ ಪತ್ರಿಕೆಗಳು ಬರೆದವು. 2023ರ ಡಿಸೆಂಬರಿನಲ್ಲಿ, ಇನ್ನು ಹೊಸ ಕಂತುಗಳ ತಯಾರಿ ಇಲ್ಲ ಎಂಬ ಸುದ್ದಿ ಹೊರಬಂತು. ಐವತ್ತು ವರ್ಷ ನಿಂತ ಮರ ಎರಡೂವರೆ ವರ್ಷದಲ್ಲಿ ಒಣಗಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹೊಸಬರು ಬಂದದ್ದೇ ತಪ್ಪು ಎಂದು ನನ್ನ ವಾದವಲ್ಲ. ಹೊಸ ನಾಯಕರಲ್ಲಿ ಒಬ್ಬರಾದ ಸ್ಯಾಮ್ ಕ್ವೆಕ್ 2016ರ ಒಲಿಂಪಿಕ್ಸಿನಲ್ಲಿ ಹಾಕಿ ಚಿನ್ನ ಗೆದ್ದ ತಂಡದವರು. ಇನ್ನೊಬ್ಬರು ಯುಗೊ ಮೊನ್ಯೆ, ಇಂಗ್ಲೆಂಡಿಗೆ ರಗ್ಬಿ ಆಡಿದವರು. ಇಬ್ಬರೂ ಯೋಗ್ಯರೇ. ಅವರ ಬಣ್ಣ, ಮೂಲ ನೋಡಿ ಬೈದವರೂ ಆ ದೇಶದಲ್ಲಿ ಇದ್ದರು. ಅಂಥವರ ಸಾಲಿನಲ್ಲಿ ನಿಲ್ಲಲಿಕ್ಕೆ ನಾನು ತಯಾರಿಲ್ಲ. ಕಾಲಕ್ಕೆ ತಕ್ಕ ಹಾಗೆ ಜನ ಬದಲಾಗಲೇಬೇಕು. ಕೋಲ್ಮನ್ ಹೋಗಿ ಬಾರ್ಕರ್ ಬಂದಾಗ ಕಾರ್ಯಕ್ರಮ ಸಾಯಲಿಲ್ಲವಲ್ಲ! ಆಗ ಕುರ್ಚಿಯಲ್ಲಿ ಕೂತವರು ಬದಲಾದರು, ನಡುವೆ ಇಟ್ಟ ವಸ್ತು ಬದಲಾಗಲಿಲ್ಲ. ಎರಡನೆಯ ಸಲ ನಡುವೆ ಇದ್ದ ಆಟವನ್ನು ಬದಿಗೆ ಸರಿಸಿ ತಮಾಷೆಯನ್ನು ಅಲ್ಲಿ ಕೂರಿಸಿದರು. ನೋಡುತ್ತಿದ್ದವರಿಗೆ ತಮಾಷೆ ಬೇಡವೆಂದಲ್ಲ. ತಮಾಷೆಗೆ ಬೇರೆ ನೂರು ಕಾರ್ಯಕ್ರಮ ಉಂಟು, ಆಟದ ಪ್ರಶ್ನೆಗೆ ಇದ್ದದ್ದು ಇದೊಂದೇ.

ಯಕ್ಷಗಾನ ನೋಡಿದ ನಮಗೆ ಇದು ಬೇಗ ಅರ್ಥವಾಗಬೇಕು. ಆಟದಲ್ಲಿ ಹಾಸ್ಯಗಾರ ಬೇಕೇ ಬೇಕು. ದೂತನಾಗಿ, ಬ್ರಾಹ್ಮಣನಾಗಿ, ಮಂತ್ರವಾದಿಯಾಗಿ ಬಂದು ನಗಿಸಿ ಹೋಗಬೇಕು. ಆದರೆ ಅರ್ಜುನ ರಂಗಕ್ಕೆ ಬಂದ ಮೇಲೂ ಹಾಸ್ಯಗಾರ ಚೌಕಿಗೆ ಹೋಗದಿದ್ದರೆ? ಪದ್ಯಕ್ಕೆ ಜಾಗ ಕೊಡದೆ ಅವನೇ ಮಾತಾಡುತ್ತಾ ಇದ್ದರೆ? ಒಂದು ದಿನ ಜನ ಚಪ್ಪಾಳೆ ತಟ್ಟಿಯಾರು. ಮರುವರ್ಷ ಮೇಳಕ್ಕೆ ವೀಳ್ಯ ಕೊಡುವವರು ಇರಲಿಕ್ಕಿಲ್ಲ.

ಇಂಗ್ಲೆಂಡಿನ ಕಥೆ ನಮಗೇಕೆ ಎನ್ನುವವರಿಗೆ ಕನ್ನಡದ್ದೇ ಎರಡು ಉದಾಹರಣೆ ಕೊಡುತ್ತೇನೆ. ಒಂದು, 'ಕನ್ನಡದ ಕೋಟ್ಯಾಧಿಪತಿ'. 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ಅವರು ಅದನ್ನು ಶುರುಮಾಡಿದಾಗ ಮನೆಮನೆಯಲ್ಲಿ ನೋಡಿದರು. ಮುಂದೆ 2018ರಲ್ಲಿ ರಮೇಶ್ ಅರವಿಂದ್ ಬಂದರು. 2019ರಲ್ಲಿ ವಾಹಿನಿಯೇ ಬದಲಾಗಿ ಕಲರ್ಸ್ ಕನ್ನಡದಲ್ಲಿ ಮತ್ತೆ ಪುನೀತ್ ಬಂದರು. ಇಬ್ಬರೂ ಸಜ್ಜನರು, ಸ್ಪರ್ಧಿಗಳನ್ನು ಗೌರವದಿಂದ ಮಾತಾಡಿಸಿದವರು. ಅವರ ಬಗ್ಗೆ ನನಗೆ ಒಂದಕ್ಷರದ ದೂರು ಇಲ್ಲ. ನನ್ನ ದೂರು ಆ ಅಚ್ಚಿನ ಬಗ್ಗೆ. ಅದು ಬ್ರಿಟನ್ನಿನಲ್ಲಿ 1998ರಲ್ಲಿ ತಯಾರಾದ ಅಚ್ಚು, ಹಿಂದಿಗೆ 2000ದಲ್ಲಿ ಬಂತು, ಆಮೇಲೆ ನಮಗೆ. ಆ ಅಚ್ಚಿನಲ್ಲಿ ಪ್ರಶ್ನೆ ಎಂಬುದು ಹಣದ ಮೆಟ್ಟಿಲು. ಉತ್ತರ ಸರಿಯೆಂದು ತಿಳಿದ ಕೂಡಲೇ ಎಲ್ಲರೂ ನೋಡುವುದು ಮೊತ್ತವನ್ನು. ಈಗ ಕೇಳಿದ್ದು ಯಾವ ಊರಿನ ವಿಷಯ, ಯಾವ ಪುಸ್ತಕದ ವಿಷಯ ಎಂದು ಮರುದಿನ ಕೇಳಿದರೆ ಯಾರಿಗೂ ನೆನಪಿಲ್ಲ. ಎಷ್ಟು ಲಕ್ಷ ಗೆದ್ದ ಎಂಬುದು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಚರ್ಚೆ.

ಇನ್ನೊಂದು, ಬೆಂಗಳೂರು ದೂರದರ್ಶನದ ಚಂದನದಲ್ಲಿ ಬರುವ 'ಥಟ್ ಅಂತ ಹೇಳಿ'. 2002ರಲ್ಲಿ ಶುರು. ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ನಡೆಸುವುದು. ಸರಿ ಉತ್ತರ ಹೇಳಿದವರಿಗೆ ಕೊಡುವುದು ಪುಸ್ತಕ. ಲಕ್ಷ ಇಲ್ಲ, ಕೋಟಿ ಇಲ್ಲ, ಕನ್ನಡದ ಒಂದು ಪುಸ್ತಕ. ಸಪ್ಪೆ ಎಂದು ನಗುವವರು ನಗಲಿ. ಆ ಸಪ್ಪೆ ಕಾರ್ಯಕ್ರಮ ಮೂರು ಸಾವಿರ ಕಂತು ದಾಟಿತು. ಯಾಕೆ ದಾಟಿತು? ಉತ್ತರ ಬಂದ ಮೇಲೆ ಡಾಕ್ಟರು ಅದರ ಹಿಂದಿನ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳುತ್ತಾರೆ. ನೋಡುವವನಿಗೆ ಏನೋ ಒಂದು ಸಿಕ್ಕಿತು ಎನಿಸುತ್ತದೆ. ಒಲೆಯ ಮೇಲಿನ ಗಂಜಿ ಹಾಗೆ ಅದು. ಹಬ್ಬದ ದಿನ ಯಾರೂ ನೆನಪು ಮಾಡುವುದಿಲ್ಲ, ಆದರೆ ವರ್ಷವಿಡೀ ಹೊಟ್ಟೆ ತುಂಬಿಸುವುದು ಅದೇ.

ನಮ್ಮ ಮಣ್ಣಿನಲ್ಲೇ ಇದಕ್ಕೆ ಸಾಕ್ಷಿ ಬೇಕಾದರೆ ತಾಳಮದ್ದಳೆ ಉಂಟು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಮದ್ದಳೆ, ಚೆಂಡೆ, ಸಾಲಾಗಿ ಕೂತ ಅರ್ಥಧಾರಿಗಳು. ಅಷ್ಟಕ್ಕೇ ಜನ ರಾತ್ರಿಯಿಡೀ ಕೂರುತ್ತಿದ್ದರು. ನಮ್ಮ ಪಕ್ಕದ ಶೇಣಿಯ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಜನ ಗುಡ್ಡ ಹತ್ತಿ ಇಳಿದು ಬರುತ್ತಿದ್ದರು. ಅಲ್ಲಿ ಇದ್ದದ್ದೆಂತ? ಒಬ್ಬ ಕೇಳಿದ ಪ್ರಶ್ನೆಗೆ ಇನ್ನೊಬ್ಬ ಏನು ಉತ್ತರ ಕೊಡುತ್ತಾನೆ ಎಂಬ ಕುತೂಹಲ. ವಾಲಿ ಕೇಳಿದ, ರಾಮ ಏನು ಹೇಳಿಯಾನು? ಪ್ರಶ್ನೆಯ ಶಕ್ತಿ ಅಷ್ಟು ದೊಡ್ಡದು ಮಾರಾಯ್ರೆ. ಇಂಥ ಊರಿನವರು ಪ್ರಶ್ನೆ ಕೇಳಲಿಕ್ಕೆ ಡಿಜೆ ಬೇಕು ಎಂದರೆ ಕೇಳಿದವರು ಏನೆಂದುಕೊಂಡಾರು?

ಹಾಗಾದರೆ ನಮ್ಮ ರಸಪ್ರಶ್ನೆ ಯಾಕೆ ಸಪ್ಪೆಯಾಯಿತು? ಪ್ರಶ್ನೆಗಳು ಸಪ್ಪೆಯಾದುದರಿಂದ. ಲೈಟು ಕಡಿಮೆಯಾದುದರಿಂದ ಅಲ್ಲವೇ ಅಲ್ಲ. "2011ರ ವಿಶ್ವಕಪ್ ಗೆದ್ದ ದೇಶ ಯಾವುದು?" ಎಂದು ಕೇಳಿದರೆ ಮೂರನೆಯ ಕ್ಲಾಸಿನ ಮಗು ಸಹ ಆಕಳಿಸುತ್ತದೆ. ಕೈಯಲ್ಲಿ ಮೊಬೈಲ್ ಇರುವ ಕಾಲದಲ್ಲಿ ಬರೇ ಮಾಹಿತಿ ಕೇಳುವ ಪ್ರಶ್ನೆಗೆ ಬೆಲೆ ಇಲ್ಲ. ಉತ್ತರದ ಹಿಂದೆ ಒಂದು ಕಥೆ ಇರುವ ಪ್ರಶ್ನೆ ಬೇಕು. ಬಾಯಿಮಾತಿನಲ್ಲಿ ಹೇಳಿ ತಪ್ಪಿಸಿಕೊಳ್ಳುವುದಿಲ್ಲ, ಕೆಲವನ್ನು ಇಲ್ಲೇ ಕೇಳಿ ತೋರಿಸುತ್ತೇನೆ.

ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದದ್ದು ಎಲ್ಲರಿಗೂ ಗೊತ್ತು. 74 ರನ್‌ಗಳಿಗೆ 10 ವಿಕೆಟ್. ಇಲ್ಲಿಗೆ ನಿಲ್ಲಿಸಿದರೆ ಅದು ಬರೇ ಲೆಕ್ಕ. ಮುಂದೆ ಕೇಳಿ: ಕೊನೆಯ ವಿಕೆಟ್ ಬಾಕಿ ಇದ್ದಾಗ ಆ ಕಡೆಯ ತುದಿಯಿಂದ ಬೌಲ್ ಮಾಡಿ, ವಿಕೆಟ್ ತನಗೆ ಸಿಗದ ಹಾಗೆ ಚೆಂಡನ್ನು ಹೊರಗೆ ಹೊರಗೆ ಹಾಕಿದವರು ಯಾರು? ಜಾವಗಲ್ ಶ್ರೀನಾಥ್. ತನ್ನ ಲಾಭವನ್ನು ಬಿಟ್ಟು ಗೆಳೆಯನ ದಾಖಲೆಗೆ ದಾರಿ ಮಾಡಿಕೊಟ್ಟ ಒಂದು ಓವರು. ಇನ್ನೂ ಕೇಳಿ: ಆ ಹತ್ತೂ ವಿಕೆಟಿಗೆ ಸಾಕ್ಷಿಯಾಗಿ ಕುಂಬ್ಳೆಯ ತುದಿಯಲ್ಲಿ ನಿಂತಿದ್ದ ಅಂಪೈರ್ ಯಾರು? ಎ.ವಿ. ಜಯಪ್ರಕಾಶ್. ಅವರೂ ಕರ್ನಾಟಕದವರೇ. ಕೊನೆಗೆ ಕೇಳಿ: ಆ ಬೌಲರನ ಹೆಸರಿನಲ್ಲಿರುವ ಊರು ಇಲ್ಲಿಂದ ಎಷ್ಟು ದೂರ? ಕುಂಬಳೆಯ ಹೆಸರು ಬಂದ ಕೂಡಲೇ ಹಿಂದಿನ ಬೆಂಚಿನ ಹುಡುಗ ನೆಟ್ಟಗೆ ಕೂರುತ್ತಾನೋ ಇಲ್ಲವೋ ನೋಡಿ.

ಇನ್ನೊಂದು. ಬಿಬಿಸಿಯ ಆ ಹಳೆಯ ಕಾರ್ಯಕ್ರಮದಲ್ಲಿ ಒಂದು ಸುತ್ತು ಇತ್ತು. ಆಟದ ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಿ, "ಮುಂದೇನಾಯಿತು?" ಎಂದು ಕೇಳುವುದು. ನಮ್ಮಲ್ಲೂ ಮಾಡಬಹುದು. 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ರಣಜಿ ಸೆಮಿಫೈನಲ್. ಕೇರಳ 457 ಮಾಡಿದೆ. ಅದರಲ್ಲಿ ಔಟಾಗದೆ 177 ಮಾಡಿದವರು ನಮ್ಮ ಕಾಸರಗೋಡಿನ ಮೊಹಮ್ಮದ್ ಅಜರುದ್ದೀನ್. ಗುಜರಾತ್ 455ಕ್ಕೆ ಬಂದು ಮುಟ್ಟಿದೆ, ಒಂದೇ ವಿಕೆಟ್ ಬಾಕಿ. ಬ್ಯಾಟುಗಾರ ಜೋರಾಗಿ ಬೀಸಿದ. ದೃಶ್ಯ ನಿಲ್ಲಿಸಿ. ಮುಂದೇನಾಯಿತು? ಚೆಂಡು ಹತ್ತಿರ ನಿಂತಿದ್ದ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಹಾರಿ ನಾಯಕ ಸಚಿನ್ ಬೇಬಿಯ ಕೈಗೆ ಬಿತ್ತು. ಎರಡು ರನ್ನಿನ ಮುನ್ನಡೆಯಲ್ಲಿ ಕೇರಳ ಮೊದಲ ಬಾರಿಗೆ ರಣಜಿ ಫೈನಲಿಗೆ ಹೋಯಿತು. ಇದನ್ನು ಪರದೆಯ ಮೇಲೆ ತೋರಿಸಲಿಕ್ಕೆ ಪ್ರೊಜೆಕ್ಟರ್ ಬೇಕಾದರೆ ನಾನೇ ಮೊದಲು ಚಂದಾ ಕೊಡುತ್ತೇನೆ. ಪ್ರಶ್ನೆಗೆ ಸಹಾಯ ಮಾಡುವ ಯಂತ್ರಕ್ಕೆ ನನ್ನ ವಿರೋಧ ಇಲ್ಲ. ಪ್ರಶ್ನೆಯನ್ನು ಮುಚ್ಚಿಹಾಕುವ ಸದ್ದಿಗೆ ವಿರೋಧ.

ಕ್ರೀಡೆ ಅಂದರೆ ಕ್ರಿಕೆಟ್ ಮಾತ್ರವೂ ಅಲ್ಲ. 1984ರ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಎಷ್ಟರಲ್ಲಿ? ಸೆಕೆಂಡಿನ ನೂರರಲ್ಲಿ ಒಂದು ಪಾಲು. ಕಣ್ಣು ರೆಪ್ಪೆ ಹೊಡೆಯುವಷ್ಟು ಸಮಯವೂ ಅಲ್ಲ ಅದು. ಕಬಡ್ಡಿಯಲ್ಲಿ ಭಾರತದ ಪುರುಷರು 1990ರಿಂದ 2014ರ ವರೆಗೆ ಏಷ್ಯನ್ ಗೇಮ್ಸ್ ಚಿನ್ನ ಬಿಟ್ಟುಕೊಟ್ಟದ್ದೇ ಇಲ್ಲ. 2018ರಲ್ಲಿ ಅವರನ್ನು ಸೋಲಿಸಿದ ದೇಶ ಯಾವುದು? ಇರಾನ್. ಕಾರ್ಕಳ ತಾಲೂಕಿನ ಹಳ್ಳಿಯಿಂದ ಹೊರಟು ಭಾರತ ಮಹಿಳಾ ಕಬಡ್ಡಿ ತಂಡದ ನಾಯಕಿಯಾಗಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು ಯಾರು? ಮಮತಾ ಪೂಜಾರಿ. ಗದ್ದೆ ಕೊಯ್ಲು ಮುಗಿದ ಮೇಲೆ ಕಬಡ್ಡಿ ಅಂಕಣ ಎಳೆಯುವ ಈ ಸೀಮೆಯಲ್ಲಿ ಇಂಥ ಪ್ರಶ್ನೆ ಕೇಳುವವರೇ ಇಲ್ಲ. ಐಪಿಎಲ್ ಹರಾಜಿನಲ್ಲಿ ಯಾರಿಗೆ ಎಷ್ಟು ಕೋಟಿ ಎಂಬುದನ್ನು ಮಾತ್ರ ಕೇಳುತ್ತಾರೆ. ಅದೂ ಕೋಟಿಯ ಲೆಕ್ಕವೇ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಒಂದು ರಸಪ್ರಶ್ನೆ ಹಾಳಾದರೆ ಅಲ್ಲಿಯ ಮಕ್ಕಳಿಗೆ ಇನ್ನೊಂದು ಉಂಟು. ಪೆರ್ಲದ ಮಗುವಿಗೆ ಎಂತ ಉಂಟು? ನಮ್ಮ ಕನ್ನಡ ಮಾಧ್ಯಮದ ಮಕ್ಕಳು ದೊಡ್ಡ ಮಟ್ಟದ ಸ್ಪರ್ಧೆಗೆ ಹೋದಾಗ ಏನಾಗ್ತದೆ ಎಂಬುದನ್ನು ಇಲ್ಲಿಯ ಮಾಷ್ಟ್ರುಗಳೂ ಟೀಚರುಗಳೂ ಚೆನ್ನಾಗಿ ಬಲ್ಲರು. ಒಂದು ಸ್ಪರ್ಧೆಗೆ ನಾನೇ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಪ್ರಶ್ನೆಗಳೆಲ್ಲ ಮಲಯಾಳದಲ್ಲಿ. ಕನ್ನಡದಲ್ಲಿ ಒಮ್ಮೆ ಹೇಳಿ ಎಂದರೆ, ಒಬ್ಬರು ಅರ್ಧಂಬರ್ಧ ಅನುವಾದ ಮಾಡಿ ಹೇಳುವಷ್ಟರಲ್ಲಿ ಬೇರೆ ತಂಡ ಉತ್ತರ ಕೊಟ್ಟಾಗಿತ್ತು. ನಮ್ಮ ಹುಡುಗಿಗೆ ಉತ್ತರ ಗೊತ್ತಿತ್ತು, ಪ್ರಶ್ನೆ ಗೊತ್ತಾಗಲಿಲ್ಲ. ಅವಳು ಸೋತದ್ದು ಆಟದಲ್ಲಿ ಅಲ್ಲ, ಕಿವಿಯಲ್ಲಿ. ಮಲಯಾಳದ ಮೇಲೆ ನನಗೆ ದ್ವೇಷವಿಲ್ಲ. ಅದು ನೆರೆಮನೆಯ ಭಾಷೆ, ನಮ್ಮ ಮಕ್ಕಳು ಅದನ್ನು ಕಲಿಯಲಿ. ಆದರೆ ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳಿಸಿಕೊಂಡು, ತನ್ನ ಭಾಷೆಯಲ್ಲಿ ಎದ್ದು ನಿಂತು ಉತ್ತರಿಸುವ ಒಂದು ಜಗಲಿಯಾದರೂ ಆ ಮಗುವಿಗೆ ಬೇಡವೇ?

ಆ ಜಗಲಿ ನಮ್ಮ ವಾಚನಾಲಯ. ಪಾಠಪುಸ್ತಕದ ಹೊರಗೆ ಕನ್ನಡದಲ್ಲಿ ಒಲಿಂಪಿಕ್ಸ್, ಕಬಡ್ಡಿ, ಕಂಬಳ, ಚೆಸ್ಸಿನ ವಿಷಯ ಮಾತಾಡಬಹುದು ಎಂದು ಮಗುವಿಗೆ ಗೊತ್ತಾಗುವುದು ಇಲ್ಲಿ. ಅರವತ್ತು ಪ್ರಶ್ನೆ ಇದ್ದರೆ ಹತ್ತು ಶಾಲೆಯ ಮಕ್ಕಳಿಗೂ ಒಂದಲ್ಲ ಒಂದು ಉತ್ತರ ಹೇಳುವ ಅವಕಾಶ ಉಂಟು. ಇಪ್ಪತ್ತಕ್ಕೆ ಇಳಿಸಿದರೆ, ನಾಲ್ಕು ತಂಡಗಳನ್ನು ಮಾತ್ರ ವೇದಿಕೆಗೆ ಹತ್ತಿಸಿದರೆ, ಉಳಿದವರು ಕೆಳಗೆ ಕೂತು ಲೈಟು ನೋಡಬೇಕು. ಮೊಬೈಲ್ ಬಹುಮಾನ ಇಟ್ಟರೆ ಬರುವವರು ಯಾರು? ದೂರದಿಂದ ತರಬೇತಾಗಿ ಬಂದವರು. ಗೆದ್ದು ತೆಗೆದುಕೊಂಡು ಹೋಗುತ್ತಾರೆ. ಪುಸ್ತಕದ ಬಹುಮಾನಕ್ಕೆ ಬರುವುದು ನಮ್ಮ ಮಕ್ಕಳೇ.

ಕೇರಳದಲ್ಲಿ ಜೂನ್ 19ನ್ನು ವಾಚನ ದಿನವೆಂದು ಆಚರಿಸುತ್ತೇವೆ. ಊರೂರಿಗೆ ಗ್ರಂಥಾಲಯ ಬೇಕೆಂದು ನಡೆದು ನಡೆದು ದುಡಿದ ಪಿ.ಎನ್. ಪಣಿಕ್ಕರ್ ಅವರ ನೆನಪಿನ ದಿನ ಅದು. ಆ ದಿನ ಭಾಷಣ ಮಾಡುವವರು ವರ್ಷದ ಉಳಿದ ದಿನ ಪುಸ್ತಕವನ್ನು ಬಿಟ್ಟು ಮೊಬೈಲನ್ನು ಬಹುಮಾನವಾಗಿ ಕೊಟ್ಟರೆ, ಮಕ್ಕಳು ನಮ್ಮ ಭಾಷಣವನ್ನು ನಂಬಬೇಕೋ ಬಹುಮಾನವನ್ನು ನಂಬಬೇಕೋ?

ಬರೇ ಬೈದು ಮುಗಿಸುವುದು ನ್ಯಾಯವಲ್ಲ. ನನ್ನ ಸೂಚನೆಗಳೂ ಇರಲಿ. ಪ್ರಶ್ನೆಗಳು ಅರವತ್ತೇ ಇರಲಿ, ಅರ್ಧದಷ್ಟು ನಮ್ಮ ಸೀಮೆಯ ಮತ್ತು ಕನ್ನಡ ನಾಡಿನ ಕ್ರೀಡೆಯ ಬಗ್ಗೆ ಇರಲಿ. ಮಲಯಾಳ ಶಾಲೆಯ ಮಕ್ಕಳು ಬಂದರೆ ಅವರಿಗೆ ಅವರ ಭಾಷೆಯಲ್ಲಿ ಬರೆದ ಚೀಟಿ ಕೈಗೆ ಕೊಡುವ. ನಮಗೆ ಸಿಗದ ಮರ್ಯಾದೆಯನ್ನು ನಾವಾದರೂ ಕೊಟ್ಟು ತೋರಿಸುವ. ಪ್ರತಿ ತಂಡದಲ್ಲಿ ಒಬ್ಬಳು ಹುಡುಗಿ ಕಡ್ಡಾಯ ಇರಲಿ. ಉತ್ತರ ಬಂದ ಮೇಲೆ ಅದರ ಕಥೆಯನ್ನು ಅರ್ಧ ನಿಮಿಷ ಹೇಳಲೇಬೇಕು. ತಂಡಕ್ಕೆ ಉತ್ತರ ಬಾರದಿದ್ದರೆ ಪ್ರಶ್ನೆ ಸಭೆಗೆ ಹೋಗಲಿ, ಉತ್ತರಿಸಿದ ಅಜ್ಜನಿಗೂ ಒಂದು ಪುಸ್ತಕ ಸಿಗಲಿ. "ಮುಂದೇನಾಯಿತು" ಸುತ್ತಿಗೆ ಪರದೆ ಇರಲಿ, ಆ ಕೆಲಸವನ್ನು ನಮ್ಮ ಹುಡುಗರೇ ವಹಿಸಿಕೊಳ್ಳಲಿ. ಅದು ನನ್ನ ಪ್ರಾಯದವರ ಕೈಯಿಂದ ಆಗುವ ಕೆಲಸವೂ ಅಲ್ಲ. ನಿರೂಪಕನೂ ಊರಿನವನೇ ಆಗಲಿ. ಕಬಡ್ಡಿ ಆಡಿ ಮೊಣಕಾಲು ತರಚಿಕೊಂಡವನು ಕಬಡ್ಡಿಯ ಪ್ರಶ್ನೆ ಕೇಳಿದರೆ ಅದರ ಗತ್ತೇ ಬೇರೆ.

ಇಷ್ಟಾದ ಮೇಲೂ ಮಕ್ಕಳು ಬಾರದಿದ್ದರೆ ಡಿಜೆಯ ಮಾತು ಮತ್ತೆ ಎತ್ತಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅಲ್ಲಿಯ ವರೆಗೆ ಪ್ರಶ್ನೆಗಳ ತಯಾರಿಯಲ್ಲಿ ನಾಲ್ಕು ಜನ ಮಾಷ್ಟ್ರುಗಳು, ನಾಲ್ಕು ಜನ ಆಟಗಾರರು ನನ್ನೊಂದಿಗೆ ಕೂತುಕೊಳ್ಳಲಿ. ಭಾನುವಾರ ಮಧ್ಯಾಹ್ನದ ಮೇಲೆ ವಾಚನಾಲಯದಲ್ಲಿ ಇರುತ್ತೇನೆ. ಬರುವವರು ಒಬ್ಬೊಬ್ಬರೂ ಹತ್ತು ಪ್ರಶ್ನೆ ತನ್ನಿ. ಉತ್ತರ ಒಂದೇ ಶಬ್ದದ್ದಾದರೂ ಅಡ್ಡಿಯಿಲ್ಲ, ಅದರ ಹಿಂದಿನ ಕಥೆಯನ್ನು ಮಾತ್ರ ಬಿಟ್ಟು ಬರಬೇಡಿ.